ಹಳೆಯ ದೋಣಿಯ ದೇಹಪರೀಕ್ಷೆ

ಕಿತ್ತೂರಿಗೆ ಸಮೀಪದ ದೇಗಾಂವಕ್ಕೆ ಹೋದವರು ಅಲ್ಲಿಯ ಕಮಲನಾರಾಯಣ ದೇವಾಲಯವನ್ನು ನೋಡದೆ ಮರಳುವುದಿಲ್ಲ. 12ನೆಯ ಶತಮಾನದಲ್ಲಿ ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ಗುಡಿ ಅದು. ಕಡಲು ಅಲ್ಲಿಂದ ಕಾಣುವುದಿಲ್ಲ. ಸಹ್ಯಾದ್ರಿಯ ಸಾಲನ್ನು ದಾಟಿ ಇಳಿಯಬೇಕು. ಆದರೂ ಆ ಗುಡಿಯನ್ನು ಕಟ್ಟಿಸಿದ ರಾಜವಂಶದ ಸಿರಿಯಲ್ಲಿ ಒಂದು ದೊಡ್ಡ ಪಾಲು ಕಡಲಿನಿಂದಲೇ ಬಂದುದು. ‘ಪಶ್ಚಿಮ ಸಮುದ್ರಾಧೀಶ್ವರ’ ಎಂಬುದು ಆ ವಂಶದ ಬಿರುದು. ಗೋಪಕಪಟ್ಟಣ ಅವರ ಬಂದರು.

ಅದೇ ವಂಶದ 11ನೆಯ ಶತಮಾನದ ಒಂದು ತಾಮ್ರಶಾಸನವು ಸ್ವಾರಸ್ಯವಾದ ಸಂಗತಿಯೊಂದನ್ನು ಹೇಳುತ್ತದೆ. ಗುಹಲ್ಲದೇವನೆಂಬ ಅರಸನು ಸೋಮನಾಥನ ದರ್ಶನಕ್ಕೆಂದು ಹಡಗನ್ನೇರಿ ಹೊರಟನು. ಅರ್ಧ ದಾರಿಯಲ್ಲಿ ಹಡಗಿನ ಕೂವೆಮರ, ಎಂದರೆ ಹಾಯಿಯನ್ನು ಹೊರುವ ಕಂಬ, ಮುರಿಯಿತು. ಅರಸನು ಗೋವೆಯ ಬಂದರನ್ನು ಸೇರಿ, ಅಲ್ಲಿದ್ದ ಶ್ರೀಮಂತ ಅರಬ್ಬೀ ವರ್ತಕನೊಬ್ಬನ ನೆರವಿನಿಂದ ಸಂಕಟದಿಂದ ಪಾರಾದನು. ಮುಂದೆ ಆ ವರ್ತಕನ ಮೊಮ್ಮಗನು ಒಂದನೆಯ ಜಯಕೇಶಿಯ ಕಾಲದಲ್ಲಿ ದೊಡ್ಡ ಅಧಿಕಾರಿಯಾದನು. ಅವನು ಸ್ಥಾಪಿಸಿದ ಧರ್ಮಸಂಸ್ಥೆಗಾಗಿ ಬಂದರಿಗೆ ಬರುವ ಹಡಗುಗಳಿಂದ ಸುಂಕವನ್ನು ಪಡೆಯುವ ಏರ್ಪಾಡಾಯಿತು.

ಆ ಮುರಿದ ಕೂವೆಮರದ ಬಗ್ಗೆ ನಾವು ಒಂದು ಪ್ರಶ್ನೆಯನ್ನು ಕೇಳೋಣ. ಅದು ಮುರಿದದ್ದು ಬಿರುಗಾಳಿಯ ಹೊಡೆತದಿಂದಲೋ, ಅಥವಾ ಅದರ ಬುಡವು ಮೊದಲೇ ಕೊಳೆತಿದ್ದುದರಿಂದಲೋ? ಅರಸನಿಗೆ ಇದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಆದರೆ ಇಂದು ಮಲ್ಪೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ಹಳೆಯ ದೋಣಿಯೊಂದರ ಒಡೆಯನಾಗಿರುವವನಿಗೆ ಈ ಪ್ರಶ್ನೆ ಜೀವನಾಧಾರದ ಪ್ರಶ್ನೆ. ವಿಮೆಯ ಹಣ ಬರುವುದೋ ಬಾರದೋ ಎಂಬುದು ಇದರ ಉತ್ತರವನ್ನೇ ಅವಲಂಬಿಸಿರುತ್ತದೆ. ಹಳೆಯ ದೋಣಿಗಳಿಗೆ ವಿಮೆ ನೀಡುವ ಮೊದಲು ಅವುಗಳ ಪರೀಕ್ಷೆಯಾಗಬೇಕೆಂದು ವಿಮಾ ಸಂಸ್ಥೆಗಳು ಕೇಳುವುದು ಈ ಕಾರಣಕ್ಕಾಗಿ. ಈ ಪರೀಕ್ಷೆಯಲ್ಲಿ ಏನನ್ನು ನೋಡುವರು, ಅದರ ಹಿಂದಿರುವ ವಿಜ್ಞಾನವೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಅಪಾಯವೂ ಸವಕಳಿಯೂ

ವಿಮೆಯೆಂಬುದು ಅನಿಶ್ಚಿತವಾದುದಕ್ಕೆ ಮಾತ್ರ ಸಲ್ಲುವ ವ್ಯವಸ್ಥೆ. ಬಿರುಗಾಳಿ ಎಂದು ಬೀಸುವುದೋ ಯಾರೂ ಅರಿಯರು. ಆದ್ದರಿಂದ ಅದಕ್ಕೆ ವಿಮೆಯುಂಟು. ಆದರೆ ಮರ ಸವೆಯುವುದು, ಕಬ್ಬಿಣ ತುಕ್ಕು ಹಿಡಿಯುವುದು ನಿಶ್ಚಿತ. ನಿಶ್ಚಿತವಾದುದಕ್ಕೆ ವಿಮೆ ಕೊಡಲು ಬಾರದು. ಅದನ್ನು ಒಡೆಯನೇ ದುರಸ್ತಿ ಮಾಡಿಸಿಕೊಳ್ಳಬೇಕು. ನಮ್ಮ ದೇಶದ 1963ರ ಸಾಗರ ವಿಮಾ ಕಾಯಿದೆಯು ಈ ಭೇದವನ್ನು ಸ್ಪಷ್ಟವಾಗಿ ಮಾಡಿದೆ. ಒಪ್ಪಂದದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ ಸಹಜವಾದ ಸವಕಳಿ, ಸಹಜವಾದ ಸೋರಿಕೆ, ವಸ್ತುವಿನಲ್ಲಿಯೇ ಅಡಗಿರುವ ದೋಷ, ಇಲಿ ಮೊದಲಾದ ಉಪದ್ರವಕಾರಿ ಜೀವಿಗಳಿಂದಾದ ಹಾನಿ, ಇವುಗಳಿಗೆ ವಿಮಾ ಸಂಸ್ಥೆ ಹೊಣೆಯಲ್ಲ. ಅಷ್ಟೇ ಅಲ್ಲ, ಕಾಲಾವಧಿಯ ವಿಮೆಯಲ್ಲಿ, ಹಡಗು ಸಮುದ್ರಯಾನಕ್ಕೆ ಯೋಗ್ಯವಾಗಿಲ್ಲವೆಂದು ತಿಳಿದೂ ಒಡೆಯನು ಅದನ್ನು ಕಡಲಿಗೆ ಕಳುಹಿಸಿದರೆ, ಆ ಅಯೋಗ್ಯತೆಯಿಂದ ಒದಗಿದ ನಷ್ಟಕ್ಕೂ ಪರಿಹಾರವಿಲ್ಲ.

ಹೊಸ ದೋಣಿಯಲ್ಲಿ ಈ ಭೇದ ತೊಡಕನ್ನು ಉಂಟುಮಾಡುವುದು ಅಪರೂಪ. ಹಲಗೆಗಳು ಗಟ್ಟಿಯಾಗಿರುವಾಗ ಅದು ಮುಳುಗಿದರೆ ತಪ್ಪು ಗಾಳಿಯದೋ ಬಂಡೆಯದೋ ಎಂದು ನಂಬಬಹುದು. 20, 25 ವರ್ಷ ಬಾಳಿದ ದೋಣಿಯಲ್ಲಿಯಾದರೋ ಎರಡು ಕಾರಣಗಳೂ ಒಟ್ಟಿಗೆ ಸೇರಿರುತ್ತವೆ. ಅಲೆ ಬಡಿದದ್ದೂ ನಿಜ; ಹಲಗೆ ಮೆತ್ತಗಾಗಿದ್ದುದೂ ನಿಜ. ದೋಣಿ ಕಡಲ ತಳವನ್ನು ಸೇರಿದ ಮೇಲೆ ಇವುಗಳಲ್ಲಿ ಯಾವುದು ಎಷ್ಟು ಎಂದು ಹೇಳಬಲ್ಲವರಾರು? ಆದುದರಿಂದ ಸಾಕ್ಷ್ಯವನ್ನು ಮೊದಲೇ ಸಂಗ್ರಹಿಸಬೇಕು. ಪರೀಕ್ಷೆಯೆಂದರೆ ಈ ಸಾಕ್ಷ್ಯದ ಸಂಗ್ರಹವೇ.

ವಯಸ್ಸಿನಿಂದ ಅಳೆದವರ ಕಥೆ

ದೋಣಿಯನ್ನು ಪರೀಕ್ಷಿಸುವ ಬದಲು ಅದರ ವಯಸ್ಸನ್ನು ಮಾತ್ರ ನೋಡಿ ತೀರ್ಮಾನಿಸಬಾರದೇ ಎಂದು ಕೆಲವರು ಕೇಳಬಹುದು. ಈ ಪ್ರಯೋಗ ಹಿಂದೆಯೇ ನಡೆದುಹೋಗಿದೆ. 17ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯು ಹಡಗಿನ ವರ್ತಕರೂ ವಿಮೆ ಬರೆಯುವವರೂ ಕೂಡುವ ತಾಣವಾಗಿತ್ತು. ಆ ಕೂಟದ ಗಿರಾಕಿಗಳು 1760ರಲ್ಲಿ ಒಂದು ಸಂಘವನ್ನು ಕಟ್ಟಿ, ಹಡಗುಗಳ ಸ್ಥಿತಿಯನ್ನು ದಾಖಲಿಸುವ ಪುಸ್ತಕವನ್ನು ಹೊರಡಿಸತೊಡಗಿದರು. ಹಡಗಿನ ಒಡಲಿಗೆ ಎ, ಇ, ಐ, ಒ, ಯು ಎಂಬ ಐದು ಸ್ವರಾಕ್ಷರಗಳಿಂದ ದರ್ಜೆಯನ್ನು ಕೊಡುತ್ತಿದ್ದರು. ‘ಎ’ ಎಂದರೆ ಅತ್ಯುತ್ತಮ. ಹಗ್ಗ, ಲಂಗರು ಮೊದಲಾದ ಸಲಕರಣೆಗಳಿಗೆ ಬೇರೆ ದರ್ಜೆ. ಮುಂದೆ ಇದರಿಂದಲೇ ‘ಎ ಒನ್’ ಎಂಬ ಗುರುತು ಹುಟ್ಟಿತು. ಸೊಗಸಾದುದಕ್ಕೆಲ್ಲ ‘ಎ ಒನ್’ ಎನ್ನುವ ನಮ್ಮ ಪೇಟೆಯ ಮಾತಿಗೆ ಮೂಲ ಹಡಗಿನ ಪರೀಕ್ಷೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಕೆಲವು ದಶಕಗಳ ಮೇಲೆ ಈ ಪುಸ್ತಕದವರು ಸುಲಭವಾದ ದಾರಿಯೊಂದನ್ನು ಹಿಡಿದರು. ಹಡಗು ಕಟ್ಟಿದ ಊರು ಯಾವುದು, ಅದರ ವಯಸ್ಸೆಷ್ಟು ಎಂಬ ಎರಡು ಸಂಗತಿಗಳಿಂದಲೇ ದರ್ಜೆಯನ್ನು ಗೊತ್ತುಮಾಡತೊಡಗಿದರು. ಥೇಮ್ಸ್ ನದಿಯ ದಂಡೆಯಲ್ಲಿ ಕಟ್ಟಿದ ಹಡಗುಗಳಿಗೆ ಮೇಲಿನ ದರ್ಜೆ ಹೆಚ್ಚು ವರ್ಷ ಉಳಿಯುತ್ತಿತ್ತು. ಉಳಿದ ಊರುಗಳ ಹಡಗುಗಳು ಎಷ್ಟೇ ಗಟ್ಟಿಯಾಗಿದ್ದರೂ, ಎಷ್ಟೇ ಚೆನ್ನಾಗಿ ದುರಸ್ತಿಯಾಗಿದ್ದರೂ ಬೇಗನೆ ಕೆಳಕ್ಕೆ ಇಳಿಯುತ್ತಿದ್ದವು. ಹಡಗಿನ ಒಡೆಯರು ಸಿಟ್ಟಾಗಿ 1799ರಲ್ಲಿ ತಮ್ಮದೇ ಪ್ರತಿಸ್ಪರ್ಧಿ ಪುಸ್ತಕವನ್ನು ಹೊರಡಿಸಿದರು. ಎರಡು ಪುಸ್ತಕಗಳ ಜಗಳವು ಇಬ್ಬರನ್ನೂ ನಷ್ಟಕ್ಕೆ ಈಡುಮಾಡಿ, 1834ರಲ್ಲಿ ಅವು ಒಂದಾದುವು. ಅಂದಿನಿಂದ ಪ್ರತ್ಯಕ್ಷ ಪರೀಕ್ಷೆಗೆ ಮತ್ತೆ ಪ್ರಾಧಾನ್ಯ ಬಂದಿತು. ವಯಸ್ಸೆಂಬುದು ಅನುಮಾನಕ್ಕೆ ಕಾರಣವಾಗಬಹುದೇ ಹೊರತು ತೀರ್ಪಾಗಲಾರದೆಂಬುದು ಈ ಇತಿಹಾಸದ ಪಾಠ.

ಇದನ್ನು ಒಂದು ಊಹೆಯ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಒಂದು ಬಂದರಿನಲ್ಲಿ 20 ಲಕ್ಷ ರೂಪಾಯಿ ಬೆಲೆಯ 100 ಹಳೆಯ ದೋಣಿಗಳಿವೆಯೆಂದು ಭಾವಿಸೋಣ. ಅವುಗಳಲ್ಲಿ 50 ಗಟ್ಟಿ. ಅಂಥವು ಮುಳುಗುವ ಸಂಭವ ವರ್ಷಕ್ಕೆ ನೂರರಲ್ಲಿ 1. ಉಳಿದ 50 ಶಿಥಿಲ. ಅವುಗಳ ಸಂಭವ ನೂರರಲ್ಲಿ 5. ಯಾವುದು ಯಾವುದೆಂದು ತಿಳಿಯದಿದ್ದರೆ ವಿಮಾ ಸಂಸ್ಥೆಯು ಸರಾಸರಿ ನೂರಕ್ಕೆ 3ರಂತೆ ಪ್ರತಿಯೊಬ್ಬನಿಂದಲೂ 60,000 ರೂಪಾಯಿ ವಿಮಾಕಂತನ್ನು ಕೇಳಬೇಕಾಗುವುದು. ಗಟ್ಟಿ ದೋಣಿಯವನಿಗೆ ನ್ಯಾಯವಾಗಿ ಬೀಳಬೇಕಾದುದು 20,000 ಮಾತ್ರ. ಅವನು ವಿಮೆಯೇ ಬೇಡವೆಂದು ಹೊರನಡೆಯುವನು. ಆಗ ಉಳಿಯುವವು ಶಿಥಿಲ ದೋಣಿಗಳೇ. ಕಂತು ಒಂದು ಲಕ್ಷಕ್ಕೆ ಏರುವುದು. ಕೊನೆಗೆ ಹಳೆಯ ದೋಣಿಗಳಿಗೆ ವಿಮೆಯೇ ದೊರೆಯದಂತಾಗುವುದು. ಕೊಳ್ಳುವವನಿಗೆ ಗುಣ ಕಾಣಿಸದ ಪೇಟೆಯಲ್ಲಿ ಒಳ್ಳೆಯ ಸರಕು ಹೀಗೆ ಮಾಯವಾಗುವುದೆಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ವಿವರಿಸಿದನು. 2001ರ ನೊಬೆಲ್ ಪಾರಿತೋಷಕದಲ್ಲಿ ಪಾಲನ್ನು ಪಡೆದನು. ಇದಕ್ಕೆ ಮದ್ದು ಒಂದೇ, ಕಾಣದ ಗುಣವನ್ನು ಕಾಣಿಸುವಂತೆ ಮಾಡುವುದು. ಹೀಗಿರಲು ಪರೀಕ್ಷೆಯು ಒಳ್ಳೆಯ ದೋಣಿಯ ಒಡೆಯನಿಗೆ ಶಿಕ್ಷೆಯಲ್ಲ, ರಕ್ಷೆ.

ಮರದ ಒಡಲು

ಈಗ ಪರೀಕ್ಷಕನೊಡನೆ ದೋಣಿಯ ಬಳಿಗೆ ಹೋಗೋಣ. ನೀರಿನಲ್ಲಿ ತೇಲುತ್ತಿರುವ ದೋಣಿಯನ್ನು ನೋಡಿ ಅವನಿಗೆ ತೃಪ್ತಿಯಾಗದು. ಅದನ್ನು ದಡಕ್ಕೆ ಎಳೆದು, ಪಾಚಿಯನ್ನೂ ಚಿಪ್ಪುಗಳನ್ನೂ ಕೆರೆದು ಒಣಗಲು ಬಿಡಬೇಕು. ಅವನ ಮೊದಲ ಸಲಕರಣೆ ಒಂದು ಸಣ್ಣ ಸುತ್ತಿಗೆ.

ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರು ಬೆರಳಿನಿಂದ ಬಾರಿಸಿ ನೋಡುವರಷ್ಟೆ? ಕಣ್ಣಿಗೆ ಕಾಣದ ಸೀಳಿದ್ದರೆ ನಾದ ಒಡೆದುಬಿಡುವುದು. ಸುತ್ತಿಗೆಯ ತತ್ತ್ವವೂ ಇದೇ. ಗಟ್ಟಿಯಾದ ಮರ ಸ್ಥಿತಿಸ್ಥಾಪಕ ಗುಣವುಳ್ಳದ್ದು. ಪೆಟ್ಟಿನ ಕಂಪನವನ್ನು ಬೇಗನೆ ಒಯ್ದು ಖಣಿಲೆಂದು ಮರುನುಡಿಯುವುದು, ಸುತ್ತಿಗೆಯೂ ಪುಟಿಯುವುದು. ಶಿಲೀಂಧ್ರಗಳು ಒಳಗಿನ ನಾರನ್ನು ತಿಂದಿದ್ದರೆ ಕಂಪನವು ಅಲ್ಲಿಯೇ ಹೀರಿಹೋಗಿ ‘ಧಪ್’ ಎಂಬ ಮೊದ್ದು ಸದ್ದಾಗುವುದು. ಪರೀಕ್ಷಕನು ಗೇಣಿಗೊಂದರಂತೆ ಬಡಿಯುತ್ತ ಹೋಗಿ, ಸದ್ದು ಬದಲಾದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡುವನು; ಬಳಿಕ ಅಲ್ಲಿ ಚೂಪಾದ ಮೊಳೆಯನ್ನು ಒತ್ತಿ ನೋಡುವನು.

ಎರಡನೆಯದು ತೇವಮಾಪಕ. ಒಣಮರ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ತೇವ ಏರಿದಂತೆ ಅದರ ರೋಧವು ಸಾವಿರಾರು ಪಾಲು ಇಳಿಯುವುದು. ಎರಡು ಸೂಜಿಗಳನ್ನು ಚುಚ್ಚಿ ಈ ರೋಧವನ್ನು ಅಳೆದರೆ ತೇವ ಎಷ್ಟೆಂದು ತಿಳಿಯುವುದು. ಒಣಮರದ ತೂಕದ ನೂರಕ್ಕೆ 20ಕ್ಕಿಂತ ಕಡಿಮೆ ತೇವವಿದ್ದರೆ ಕೊಳೆಯಿಸುವ ಶಿಲೀಂಧ್ರ ಬೆಳೆಯಲಾರದು. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಡಲಿನ ದೋಣಿಯ ಮರದಲ್ಲಿ ಉಪ್ಪು ಸೇರಿರುತ್ತದೆ; ಉಪ್ಪು ವಿದ್ಯುದ್ವಾಹಕತೆಯನ್ನು ಹೆಚ್ಚಿಸುವುದರಿಂದ ಮಾಪಕವು ಇರುವುದಕ್ಕಿಂತ ಹೆಚ್ಚು ತೇವವನ್ನು ತೋರಿಸುವುದು. ಉಪಕರಣದ ಅಂಕಿಯನ್ನು ಅನುಭವದ ಒರೆಗಲ್ಲಿಗೆ ಉಜ್ಜಿಯೇ ನಂಬಬೇಕು. ವಿಚಿತ್ರವೆಂದರೆ ಉಪ್ಪುನೀರಿನಲ್ಲಿ ಸದಾ ಮುಳುಗಿರುವ ಹಲಗೆಗಿಂತ, ಮಳೆನೀರು ಸೋರಿ ನಿಲ್ಲುವ ಮೇಲ್ಕಟ್ಟಿನ ಮೂಲೆಗಳೇ ಬೇಗ ಕೊಳೆಯುತ್ತವೆ. ಶಿಲೀಂಧ್ರಕ್ಕೆ ನೀರಿನೊಡನೆ ಗಾಳಿಯೂ ಬೇಕು. ಮುಳುಗಿದ ಮರದಲ್ಲಿ ಗಾಳಿಯಿಲ್ಲ.

ಮುಳುಗಿದ ಭಾಗಕ್ಕೆ ಬೇರೊಂದು ಶತ್ರುವಿದೆ. ಜನರು ಅದನ್ನು ಹಡಗುಹುಳು ಎನ್ನುವರು. ನಿಜದಲ್ಲಿ ಅದು ಹುಳುವಲ್ಲ, ಕಪ್ಪೆಚಿಪ್ಪಿನ ಬಂಧುವಾದ ಮೃದ್ವಂಗಿ. ಮರಿಯಾಗಿದ್ದಾಗ ಗುಂಡುಸೂಜಿಯ ತಲೆಯಷ್ಟು ಸಣ್ಣ ತೂತಿನಿಂದ ಮರವನ್ನು ಹೊಕ್ಕು, ಒಳಗೆ ಬೆಳೆಯುತ್ತ ಸುರಂಗವನ್ನು ಕೊರೆಯುತ್ತದೆ. ಹೊರಗೆ ನಯವಾಗಿರುವ ಹಲಗೆ ಒಳಗೆ ಜೇನುಹುಟ್ಟಿನಂತಾಗಿರಬಹುದು. ಕಣ್ಣನ್ನು ಮೋಸಗೊಳಿಸುವ ಈ ಹಲಗೆಯು ಸುತ್ತಿಗೆಯನ್ನು ಮೋಸಗೊಳಿಸಲಾರದು.

ಹಲಗೆಯಷ್ಟೇ ಮುಖ್ಯವಾದುದು ಮೊಳೆ. ನಮ್ಮ ಕರಾವಳಿಯಲ್ಲಿ ದೋಣಿಗೆ ಪ್ರಸಿದ್ಧವಾದ ಹೆಬ್ಬಲಸಿನ ಮರವು ದೀರ್ಘಕಾಲ ಬಾಳಬಲ್ಲುದು. ಆದರೆ ಅದನ್ನು ಹಿಡಿದಿರುವ ಲೋಹ ಅಷ್ಟು ಬಾಳುವುದೆಂಬ ಭರವಸೆಯಿಲ್ಲ. ಎರಡು ಬೇರೆ ಬೇರೆ ಲೋಹಗಳು ಪರಸ್ಪರ ತಗುಲಿಕೊಂಡು ಉಪ್ಪುನೀರಿನಲ್ಲಿದ್ದರೆ ಅದು ಒಂದು ವಿದ್ಯುತ್ಕೋಶವೇ ಆಗುವುದು. ಅವುಗಳಲ್ಲಿ ಒಂದು ಕರಗುತ್ತ ಹೋಗುವುದು. ಬ್ರಿಟಿಷ್ ನೌಕಾಪಡೆಯವರು 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡನ್ನು ಹೊದಿಸಿದರು. ಹಡಗುಹುಳುವೇನೋ ದೂರವಾಯಿತು, ಆದರೆ ತಾಮ್ರಕ್ಕೆ ತಗುಲಿದ ಕಬ್ಬಿಣದ ಮೊಳೆಗಳು ಸವೆದುಹೋದುವು. 1824ರಲ್ಲಿ ಸರ್ ಹಂಫ್ರಿ ಡೇವಿ ಇದೇ ತತ್ತ್ವವನ್ನು ತಿರುಗಿಸಿ, ಸತುವಿನ ಅಥವಾ ಕಬ್ಬಿಣದ ತುಂಡೊಂದನ್ನು ಜೋಡಿಸಿದರೆ ಅದು ತಾನು ಕರಗಿ ತಾಮ್ರವನ್ನು ಕಾಪಾಡುವುದೆಂದು ತೋರಿಸಿದನು. ಇಂದು ಪ್ರೊಪೆಲ್ಲರಿನ ಬಳಿ ಕಾಣುವ ಸತುವಿನ ಗಟ್ಟಿಗಳು ಅದೇ ಪರಂಪರೆಯವು. ಪರೀಕ್ಷಕನು ಕೆಲವು ಮೊಳೆಗಳನ್ನು ಕೀಳಿಸಿ ನೋಡಬೇಕೆನ್ನುವನು. ಹಿತ್ತಾಳೆಯ ಬೋಲ್ಟು ಕೆಂಪಗಾಗಿದ್ದರೆ ಅದರೊಳಗಿನ ಸತು ಕರಗಿಹೋಗಿ ಪುಡಿಯಾಗುವ ತಾಮ್ರ ಮಾತ್ರ ಉಳಿದಿದೆಯೆಂದು ತಿಳಿಯಬೇಕು.

ಉಕ್ಕು ಮತ್ತು ಗಾಜಿನ ನಾರು

ಉಕ್ಕಿನ ದೋಣಿಯಲ್ಲಿ ಪ್ರಶ್ನೆ ಒಂದೇ, ತಗಡು ಎಷ್ಟು ದಪ್ಪ ಉಳಿದಿದೆ? ತಗಡನ್ನು ಕೊರೆಯದೆ ಇದನ್ನು ತಿಳಿಯಲು ಶ್ರವಣಾತೀತ ಶಬ್ದವು ನೆರವಾಗುತ್ತದೆ. ಹೊರಮೈಯಲ್ಲಿ ಹೊರಡಿಸಿದ ಶಬ್ದದ ಮಿಡಿತವು ತಗಡನ್ನು ದಾಟಿ ಒಳಮೈಗೆ ಬಡಿದು ಮರಳುತ್ತದೆ. ಉಕ್ಕಿನಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು 5,900 ಮೀಟರು. ತಗಡು 6 ಮಿಲಿಮೀಟರು ದಪ್ಪವಾಗಿದ್ದರೆ ಹೋಗಿಬರಲು ಹಿಡಿಯುವ ಕಾಲ ಸೆಕೆಂಡಿನ ಹತ್ತು ಲಕ್ಷದ 2 ಭಾಗ. ಇಷ್ಟು ಅಲ್ಪ ಕಾಲವನ್ನು ಅಂಗೈಯಲ್ಲಿ ಹಿಡಿಯುವ ಉಪಕರಣವೊಂದು ಅಳೆದು, ದಪ್ಪವನ್ನು ನೇರವಾಗಿ ತೋರಿಸುವುದು.

6 ಮಿಲಿಮೀಟರಿನ ತಗಡು 4.5ಕ್ಕೆ ಇಳಿದಿದ್ದರೆ ಕಾಲುಭಾಗ ಮಾತ್ರ ಹೋಯಿತೆಂದು ಒಡೆಯನು ಸಮಾಧಾನಪಟ್ಟಾನು. ಭೌತಶಾಸ್ತ್ರ ಹಾಗೆನ್ನುವುದಿಲ್ಲ. ತಗಡಿನ ಬಾಗದಿರುವ ಗುಣವು ದಪ್ಪದ ಘನವನ್ನು ಅನುಸರಿಸುತ್ತದೆ. ನಾಲ್ಕರಲ್ಲಿ ಮೂರು ಪಾಲು ದಪ್ಪ ಉಳಿದರೆ ಆ ಗುಣದಲ್ಲಿ ಉಳಿಯುವುದು 64ರಲ್ಲಿ 27 ಪಾಲು, ಎಂದರೆ ನೂರಕ್ಕೆ 42 ಮಾತ್ರ. ಅರ್ಧಕ್ಕಿಂತ ಹೆಚ್ಚು ಬಿಗಿತ ಆಗಲೇ ಹೋಗಿರುತ್ತದೆ!

ಗಾಜಿನ ನಾರನ್ನೂ ರಾಳವನ್ನೂ ಬೆರೆಸಿ ಮಾಡಿದ ಫೈಬರ್ ದೋಣಿಗೆ ತುಕ್ಕಿಲ್ಲ, ಕೊಳೆಯಿಲ್ಲ. ಆದ್ದರಿಂದ ಅದಕ್ಕೆ ಮುಪ್ಪೇ ಇಲ್ಲವೆಂದು ಜನರು ತಿಳಿಯುವುದುಂಟು. ಆದರೆ ನೀರು ಅತಿ ಮೆಲ್ಲಗೆ ಅದರ ಹೊರಪದರವನ್ನು ದಾಟಿ ಒಳಗಿನ ಸಣ್ಣ ಸಣ್ಣ ಕುಳಿಗಳನ್ನು ಸೇರಿ, ರಾಳದ ಅಂಶಗಳನ್ನು ಕರಗಿಸುವುದು. ಆ ಗಟ್ಟಿದ್ರವವು ಇನ್ನಷ್ಟು ನೀರನ್ನು ಒಳಕ್ಕೆ ಸೆಳೆಯುವುದು. ನೆನೆಹಾಕಿದ ಒಣದ್ರಾಕ್ಷಿ ಉಬ್ಬುವುದಕ್ಕೆ ಕಾರಣವಾದ ಅಭಿಸರಣವೇ ಇದು. ಕೊನೆಗೆ ಮೈಮೇಲೆ ಬೊಕ್ಕೆಗಳು ಏಳುವುವು. ಪದರಗಳು ಬೇರ್ಪಟ್ಟಿದ್ದರೆ ಅಲ್ಲಿಯೂ ಸುತ್ತಿಗೆಯ ಸದ್ದೇ ಗುಟ್ಟನ್ನು ಹೊರಹಾಕುವುದು.

ಒಂದು ಸಣ್ಣ ತೂತಿನ ಲೆಕ್ಕ

ದೋಣಿಯ ತಳದಲ್ಲಿ ಬೇಕೆಂದೇ ಮಾಡಿದ ಕೆಲವು ತೂತುಗಳಿರುತ್ತವೆ. ಎಂಜಿನನ್ನು ತಣಿಸುವ ನೀರು ಬರಲು ಒಂದು, ಪ್ರೊಪೆಲ್ಲರಿನ ದಂಡ ಹೊರಹೋಗಲು ಒಂದು, ಹೀಗೆ. ಈ ತೂತುಗಳ ತಿರುಪು, ರಬ್ಬರಿನ ಕೊಳವೆ, ಅದನ್ನು ಬಿಗಿದ ಪಟ್ಟಿ ಇವುಗಳನ್ನು ಪರೀಕ್ಷಕನು ಒಂದೊಂದಾಗಿ ಎಳೆದು ನೋಡುವನು. ಇಷ್ಟು ಅಲ್ಪ ವಸ್ತುವಿಗೆ ಇಷ್ಟು ಆತಂಕವೇಕೆ?

ನೀರಿನ ಮಟ್ಟದಿಂದ ಒಂದು ಮೀಟರು ಕೆಳಗಿರುವ, 3 ಸೆಂಟಿಮೀಟರು ಅಡ್ಡಳತೆಯ ತೂತೊಂದರ ಕೊಳವೆ ಕಳಚಿತೆಂದು ಭಾವಿಸೋಣ. ಟಾರಿಚೆಲ್ಲಿಯ ನಿಯಮದಂತೆ ನೀರು ಸೆಕೆಂಡಿಗೆ ಸುಮಾರು 4.4 ಮೀಟರು ವೇಗದಿಂದ ಒಳಗೆ ಚಿಮ್ಮುವುದು. ತೂತಿನ ಅಂಚಿನಲ್ಲಿ ಧಾರೆ ಕಿರಿದಾಗುವುದನ್ನು ಲೆಕ್ಕಕ್ಕೆ ಹಿಡಿದರೂ ನಿಮಿಷಕ್ಕೆ ಸುಮಾರು 110 ಲೀಟರು ನೀರು ಬರುವುದು. 15 ಲೀಟರಿನ ಕೊಡದಿಂದ ಅಳೆದರೆ ನಿಮಿಷಕ್ಕೆ ಏಳು ಕೊಡ. ಮೊದಲ ಒಂದು ಗಂಟೆಯಲ್ಲಿ ಆರು ಟನ್ನಿಗೂ ಹೆಚ್ಚು. ಒಬ್ಬ ಮನುಷ್ಯ ಬಾಲ್ದಿಯಿಂದ ಮೊಗೆದು ಹಾಕುತ್ತ ಎಷ್ಟು ಹೊತ್ತು ನಿಂತಾನು? ಗಂಗೆಯನ್ನು ತಡೆದಿರುವುದು ಎಷ್ಟೋ ವರ್ಷಗಳ ಹಿಂದೆ ಹಾಕಿದ, ತುಕ್ಕು ಹಿಡಿದ ಒಂದು ಪಟ್ಟಿ!

ತಂತಿಗಳ ವಿಷಯವೂ ಹೀಗೆಯೇ. ಉಪ್ಪುಗಾಳಿಯಿಂದ ತಂತಿಯ ಕೂಡುಸ್ಥಾನಗಳಲ್ಲಿ ರೋಧ ಹೆಚ್ಚುವುದು, ರೋಧವಿರುವಲ್ಲಿ ಶಾಖ, ಡೀಸೆಲಿನ ಹೊಗೆಯಿರುವ ಎಂಜಿನ್ ಕೋಣೆಯಲ್ಲಿ ಶಾಖವೆಂದರೆ ಬೆಂಕಿಗೆ ಆಮಂತ್ರಣ. ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುವುದರಿಂದ ಒಂದರ ಬೆಂಕಿ ಹಲವಕ್ಕೆ ಹಬ್ಬುವುದು. 2023ರ ನವೆಂಬರಿನಲ್ಲಿ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಹಲವು ದೋಣಿಗಳು ಬೆಂಕಿಗೆ ಆಹುತಿಯಾದುದನ್ನು ವಾಚಕರು ಮರೆತಿರಲಾರರು. ಆ ಬೆಂಕಿಯ ಕಾರಣ ಏನೇ ಇರಲಿ, ಒಬ್ಬನ ದೋಣಿಯ ಸುಸ್ಥಿತಿ ನೆರೆಯವನ ಆಸ್ತಿಗೂ ಸಂಬಂಧಿಸಿದುದೆಂಬುದನ್ನು ಅದು ತೋರಿಸಿತು.

ತೂಗಾಟದಿಂದ ತಿಳಿಯುವ ಆಯ

ಒಡಲು ಗಟ್ಟಿಯಾಗಿದ್ದ ಮಾತ್ರಕ್ಕೆ ದೋಣಿ ಮಗುಚಲಾರದೆಂದಲ್ಲ. ಓರೆಯಾದ ದೋಣಿ ಮತ್ತೆ ನೆಟ್ಟಗಾಗುವುದು ಹೇಗೆ? ಓರೆಯಾದಾಗ ಒಂದು ಪಕ್ಕ ಹೆಚ್ಚು ಮುಳುಗುವುದರಿಂದ ನೀರಿನ ಮೇಲ್ಮುಖ ಒತ್ತಡದ ಕೇಂದ್ರವು ಆ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಂದ ಮೇಲಕ್ಕೆ ಎಳೆದ ಲಂಬರೇಖೆಯು ದೋಣಿಯ ನಡುರೇಖೆಯನ್ನು ಸಂಧಿಸುವ ಬಿಂದುವಿಗೆ ಮೆಟಾಸೆಂಟರ್ ಎಂದು ಹೆಸರು. ದೋಣಿಯ ಗುರುತ್ವಕೇಂದ್ರವು ಈ ಬಿಂದುವಿಗಿಂತ ಎಷ್ಟು ಕೆಳಗಿರುವುದೋ ಅಷ್ಟು ಬಲವಾಗಿ ಅದು ನೆಟ್ಟಗಾಗುವುದು. ಗುರುತ್ವಕೇಂದ್ರವು ಮೇಲೇರಿ ಬಿಂದುವನ್ನು ದಾಟಿದರೆ ನೆಟ್ಟಗೆ ನಿಲ್ಲಲಾರದು. ಈ ಅಂತರವನ್ನು ಇಲ್ಲಿ ‘ಆಯ’ ಎಂದು ಕರೆಯೋಣ.

ಹಳೆಯ ದೋಣಿಯಲ್ಲಿ ಈ ಆಯ ವರ್ಷದಿಂದ ವರ್ಷಕ್ಕೆ ಸದ್ದಿಲ್ಲದೆ ಕುಗ್ಗುತ್ತದೆ. ಒಮ್ಮೆ ಮೇಲೆ ಕೋಣೆಯೊಂದನ್ನು ಎತ್ತರಿಸುವರು. ಇನ್ನೊಮ್ಮೆ ಬಲೆ ಎಳೆಯುವ ದೊಡ್ಡ ಯಂತ್ರವನ್ನು ಕೂರಿಸುವರು. ಒಂದೊಂದೂ ಸಣ್ಣ ಬದಲಾವಣೆ. ಒಟ್ಟಿನಲ್ಲಿ ಭಾರ ಮೇಲೇರಿತು. ಇದನ್ನು ಅಳೆಯಲು ನಿಂತ ನೀರಿನಲ್ಲಿ ಒಂದು ಪ್ರಯೋಗ ಮಾಡುವರು. 40 ಟನ್ ತೂಕದ ದೋಣಿಯಲ್ಲಿ 200 ಕಿಲೋಗ್ರಾಂ ಭಾರವನ್ನು ಅಡ್ಡಲಾಗಿ 4 ಮೀಟರು ಸರಿಸಿದಾಗ ತೂಗುಗುಂಡು ಒಂದೂವರೆ ಡಿಗ್ರಿ ಓರೆಯನ್ನು ತೋರಿಸಿತೆನ್ನೋಣ. ಭಾರವನ್ನೂ ದೂರವನ್ನೂ ಗುಣಿಸಿ, ದೋಣಿಯ ತೂಕದಿಂದಲೂ ಕೋನದ ಟ್ಯಾಂಜೆಂಟಿನಿಂದಲೂ ಭಾಗಿಸಿದರೆ ಆಯವು ಸುಮಾರು 76 ಸೆಂಟಿಮೀಟರೆಂದು ದೊರೆಯುವುದು. ಕಾಲೇಜಿನ ಪ್ರಯೋಗಶಾಲೆಯ ಹುಡುಗರೂ ಮಾಡಬಹುದಾದ ಲೆಕ್ಕ.

ಇನ್ನೂ ಸುಲಭವಾದ ಸೂಚನೆಯೊಂದುಂಟು. ದೋಣಿಯು ಎಡಕ್ಕೂ ಬಲಕ್ಕೂ ಒಮ್ಮೆ ಪೂರ್ತಿ ತೂಗಾಡಲು ಎಷ್ಟು ಸೆಕೆಂಡು ಹಿಡಿಯುವುದೆಂದು ಎಣಿಸಬೇಕು. 5 ಮೀಟರು ಅಗಲದ ದೋಣಿಗೆ ಆಯ 64 ಸೆಂಟಿಮೀಟರಿದ್ದರೆ ಈ ಕಾಲ ಹೆಚ್ಚುಕಡಿಮೆ 5 ಸೆಕೆಂಡು; ಆಯ 16 ಸೆಂಟಿಮೀಟರಿಗೆ ಇಳಿದರೆ 10 ಸೆಕೆಂಡು. ಎಂದರೆ ತೊಟ್ಟಿಲಿನಂತೆ ಮೆಲ್ಲಗೆ, ಹಿತವಾಗಿ ತೂಗುವ ದೋಣಿಯೇ ಅಪಾಯದ ಅಂಚಿನಲ್ಲಿರುವುದು. ಬೇಗಬೇಗನೆ ಕುಲುಕುವುದು ಸುರಕ್ಷಿತವಾದುದು. “ನಮ್ಮ ಬೋಟು ಈಚೆಗೆ ಬಹಳ ಮೃದುವಾಗಿದೆ” ಎಂದು ತಂಡೇಲನು ಹೇಳಿದರೆ ಒಡೆಯನು ಸಂತೋಷಪಡಬಾರದು.

ಒಳಗೆ ನಿಂತ ನೀರಿನ ವಿಷಯವೂ ಇಲ್ಲಿಗೆ ಸೇರಿದುದು. ದೋಣಿ ವಾಲಿದ ಪಕ್ಕಕ್ಕೇ ಆ ನೀರು ಹರಿದು ಅದನ್ನು ಇನ್ನಷ್ಟು ವಾಲಿಸುವುದು. ಈ ಕೇಡು ಅಗಲದ ಘನವನ್ನು ಅನುಸರಿಸಿ ಹೆಚ್ಚುವುದು. ನಡುವೆ ನೀರು ದಾಟದಂತೆ ಒಂದು ಹಲಗೆಯ ಗೋಡೆಯಿಟ್ಟರೆ ಕೇಡು ನಾಲ್ಕನೆಯ ಒಂದು ಪಾಲಿಗೆ ಇಳಿಯುವುದು. ಹಳೆಯ ದೋಣಿಯಲ್ಲಿ ಇಂಥ ಗೋಡೆಗಳನ್ನು ಅನುಕೂಲಕ್ಕೆಂದು ಕತ್ತರಿಸಿರುವರೇ ಎಂಬುದನ್ನು ಪರೀಕ್ಷಕನು ತಪ್ಪದೆ ನೋಡುವನು.

ಒಡೆಯನು ಮಾಡಬೇಕಾದುದು

ಪರೀಕ್ಷೆಯ ಕೊನೆಗೆ ದೊರೆಯುವುದು ಒಂದು ವರದಿ. ಅದರಲ್ಲಿ ದೋಣಿಯ ಸ್ಥಿತಿ, ಇಂದಿನ ಬೆಲೆ, ಮಾಡಬೇಕಾದ ದುರಸ್ತಿಗಳು ಇರುತ್ತವೆ. ದುರಸ್ತಿಗಳಲ್ಲಿ ಕೆಲವು ನೀರಿಗಿಳಿಯುವ ಮೊದಲೇ ಆಗಬೇಕಾದುವು. ಕೆಲವು ಗೊತ್ತಾದ ಅವಧಿಯೊಳಗೆ. ವರದಿಯನ್ನು ಪೆಟ್ಟಿಗೆಯಲ್ಲಿಟ್ಟು ದುರಸ್ತಿಯನ್ನು ಮರೆತರೆ ಅದೇ ವರದಿಯು ಒಡೆಯನ ವಿರುದ್ಧ ಸಾಕ್ಷಿ ನುಡಿಯುವುದು; ದೋಷವು ಅವನಿಗೆ ತಿಳಿದಿತ್ತೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ದುರಸ್ತಿ ಮಾಡಿಸಿ ರಸೀದಿಗಳನ್ನೂ ಚಿತ್ರಗಳನ್ನೂ ಇಟ್ಟುಕೊಂಡರೆ ಅದೇ ಕಾಗದ ಅವನ ಪಕ್ಷಕ್ಕೆ ನಿಲ್ಲುವುದು. ಬೆಲೆಯನ್ನು ಉಬ್ಬಿಸಿ ಬರೆಯಿಸುವುದು ಜಾಣತನವೆಂದು ತಿಳಿಯುವವರೂ ಉಂಟು. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೆಲೆಗಿಂತ ಹೆಚ್ಚು ವಿಮೆ ಮಾಡಿಸಿದ ಮುರುಕು ಹಡಗುಗಳಿಗೆ ‘ಶವಪೆಟ್ಟಿಗೆ’ಗಳೆಂದೇ ಹೆಸರು ಬಂದಿತ್ತು. ಅವುಗಳ ವಿರುದ್ಧ ಸ್ಯಾಮ್ಯುಅಲ್ ಪ್ಲಿಮ್‌ಸೋಲ್ ಹೋರಾಡಿದುದರ ಫಲವಾಗಿ 1876ರಲ್ಲಿ ಹಡಗಿನ ಪಕ್ಕದಲ್ಲಿ ಭಾರದ ಮಿತಿಯ ಗೆರೆ ಕಡ್ಡಾಯವಾಯಿತು.

ನಮ್ಮ ಕರಾವಳಿಯಲ್ಲಿ ಪರೀಕ್ಷೆಗೆ ಪ್ರಕೃತಿಯೇ ಒಂದು ಕಾಲವನ್ನು ಒದಗಿಸಿದೆ. ಮೀನುಗಳ ಸಂತಾನಾಭಿವೃದ್ಧಿಗಾಗಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗಳು ದಡವೇರಿ ಬಣ್ಣಕ್ಕೂ ದುರಸ್ತಿಗೂ ಕಾಯುವ ದಿನಗಳವು. ಬಣ್ಣ ಬಳಿದ ಮೇಲಲ್ಲ, ಬಳಿಯುವ ಮೊದಲು ಪರೀಕ್ಷಕನನ್ನು ಕರೆಯಬೇಕು. ಹೊಸ ಬಣ್ಣವು ಹಳೆಯ ದೋಷಕ್ಕೆ ಒಳ್ಳೆಯ ಮುಸುಕು. ಕಂತಿನ ಹೊರೆಯನ್ನು ತಗ್ಗಿಸುವುದಕ್ಕಾಗಿ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರಿಕೆಯ ದೋಣಿಗಳ ವಿಮೆಗೆ ನೆರವನ್ನೂ ಸೇರಿಸಲಾಯಿತು.

ಬಯಲುನಾಡಿನವರಾದ ನಮಗೆ ಇದರಿಂದೇನೆಂದು ಮಲಪ್ರಭೆಯ ದಂಡೆಯ ವಾಚಕರು ಕೇಳಬಹುದು. ಒಳನಾಡಿನ ನದಿ, ಹಿನ್ನೀರುಗಳಲ್ಲಿ ಓಡಾಡುವ ಯಂತ್ರಚಾಲಿತ ದೋಣಿಗಳಿಗೂ 2021ರ ಒಳನಾಡು ನೌಕೆಗಳ ಕಾಯಿದೆಯು ಪರೀಕ್ಷೆ, ನೋಂದಣಿ, ವಿಮೆ ಮೂರನ್ನೂ ವಿಧಿಸಿದೆ. ಇದಲ್ಲದೆ ಬಯಲುನಾಡಿನವರೂ ಕಡಲಿಗೆ ಹೋಗುವರು. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ, ಜನರಿಂದ ಕಿಕ್ಕಿರಿದಿದ್ದ ದೋಣಿಯೊಂದು ಮಗುಚಿ 16 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹಾವೇರಿ ಜಿಲ್ಲೆಯವರೂ ಇದ್ದರು. ದೋಣಿಯನ್ನೇರುವ ಯಾತ್ರಿಕನು ಅದರ ಪರೀಕ್ಷಾಪತ್ರ ಎಲ್ಲಿದೆ, ಎಷ್ಟು ಜನರಿಗೆ ಅನುಮತಿಯಿದೆ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಹೆಚ್ಚು ಜನ ನಿಂತಷ್ಟೂ ಗುರುತ್ವಕೇಂದ್ರ ಮೇಲೇರುವುದೆಂಬ ನಿಯಮವು ದೇವರ ಜಾತ್ರೆಯ ದಿನವೂ ರಜೆ ಪಡೆಯುವುದಿಲ್ಲ.

ಇನ್ನು ಗುಹಲ್ಲದೇವನ ಕೂವೆಮರಕ್ಕೆ ಮರಳೋಣ. ಅದು ಗಾಳಿಯಿಂದ ಮುರಿಯಿತೋ ಕೊಳೆತು ಮುರಿಯಿತೋ ಎಂಬುದನ್ನು ಇನ್ನು ಯಾರೂ ಹೇಳಲಾರರು, ಶಾಸನವೂ ಹೇಳುವುದಿಲ್ಲ. ಹೊರಡುವ ಮುನ್ನ ಬಡಗಿಯೊಬ್ಬನು ಅದರ ಬುಡಕ್ಕೆ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟು ಕಿವಿಗೊಟ್ಟಿದ್ದರೆ ಉತ್ತರ ಆಗಲೇ ತಿಳಿಯುತ್ತಿತ್ತು. ಅರಸನಿಗೆ ದಡದಲ್ಲಿ ಸಹಾಯಕ್ಕೆ ಬರುವ ವರ್ತಕನಿದ್ದನು. ಆದರೆ ಒಂದೇ ದೋಣಿಯನ್ನು ನಂಬಿ ಬದುಕುವ ಸಂಸಾರಕ್ಕೆ ಸುತ್ತಿಗೆಯ ಆ ನಾಲ್ಕು ಪೆಟ್ಟುಗಳೇ ಮೊದಲ ಆಸರೆ; ವಿಮೆ ಅದರ ಅನಂತರದ್ದು.